ಮೊದಲ ಸಂಕ್ರಮಣದ ಕರಿ ಸೀರೆ

ಹಬ್ಬದ ದಿನ ಕರಿ ಸೀರೆ ಉಡಬಾರದು ಎಂದು ನಾನು ಏಳು ಜನ ಹೆಂಗಸರ ಮುಂದೆ ಹೇಳಿದ್ದು ಸುಳ್ಳು. ಪದ್ಧತಿ ಗೊತ್ತಿಲ್ಲದೆ ಆಡಿದ ಮಾತು ಎಂದು ಮನೆಯವರು ಈಗಲೂ ನನ್ನ ಪರವಾಗಿ ಹೇಳುತ್ತಾರೆ. ಗೊತ್ತಿತ್ತು. ಮೊಮ್ಮಗನ ಹೆಂಡತಿ ನನ್ನನ್ನು ಕೇಳದೆ, ನನ್ನ ಕೈ ತಾಗದೆ, ತಾನೇ ಚೆಂದಾಗಿ ಉಟ್ಟುಕೊಂಡು ಹೊರಗೆ ಬಂದಳು. ಅದನ್ನು ನನಗೆ ಸಹಿಸಲಾಗಲಿಲ್ಲ. ನಡೆದದ್ದು ಇಷ್ಟೇ.

ಸೀರೆ ಉಡಿಸುವುದು ನನ್ನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ನಾನೇ ಹಿಡಿದದ್ದು. ನಮ್ಮದು ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ದಾರಿಯ ಮೇಲಿನ ಊರು. ನಮ್ಮ ಓಣಿಯಲ್ಲಿ ಮದುವೆಯಾಗಲಿ, ಬಸುರಿಗೆ ಕುಬಸ ಮಾಡುವುದಾಗಲಿ, ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಾಗಲಿ, ಸೀರೆ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಓದಿದ್ದು ಕಡಿಮೆ, ನಿರಿಗೆ ಹಿಡಿದದ್ದು ಹೆಚ್ಚು. ಎತ್ತರದ ಹುಡುಗಿಗೆ ಅಗಲ ಅಂಚು, ಗಿಡ್ಡ ಹುಡುಗಿಗೆ ಸಣ್ಣ ಅಂಚು. ಹೊಸ ಇಲಕಲ್ ಸೀರೆ ಮೈಗೆ ಒಗ್ಗದೆ ಎದ್ದು ನಿಲ್ಲುತ್ತದೆ, ಅದನ್ನು ಹಿಂದಿನ ದಿನವೇ ಒಂದು ಸಲ ಬಿಚ್ಚಿ ಮಡಚಿ ತಲೆದಿಂಬಿನ ಕೆಳಗೆ ಇಟ್ಟು ಮಲಗಬೇಕು. ಕೊರಳಿಗೆ ಬೋರಮಾಳ ಹಾಕಿದ ಮೇಲೆ ಮತ್ತೊಂದು ಸರ ಬೇಡ, ಎರಡೂ ಸೇರಿದರೆ ಎರಡೂ ಕಾಣುವುದಿಲ್ಲ. ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿದರೆ ಒಂದು ಪಿನ್ನೂ ಬೇಕಾಗಬಾರದು. ಈಗಿನವರು ಒಂದು ಸೀರೆಗೆ ಹನ್ನೆರಡು ಪಿನ್ನು ಚುಚ್ಚುತ್ತಾರೆ, ಇಲ್ಲವೇ ಹೊಲಿದ ಸೀರೆಯನ್ನೇ ಲಂಗದ ಹಾಗೆ ಏರಿಸಿಕೊಳ್ಳುತ್ತಾರೆ. ನನಗೆ ಹೇಳಿಕಳಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಫೋನಿನಲ್ಲಿ ನೋಡಿ ಕಲಿಯುತ್ತಾರೆ. ಕೇಳಿದರೆ, "ಕಾಕು, ನಿಮಗ ಯಾಕ ತ್ರಾಸ ಕೊಡೂಣು ಅಂತ" ಎಂದು ನಗುತ್ತಾರೆ. ನಾನೂ ನಗುತ್ತಿದ್ದೆ. ಒಳಗೆ ನಗು ಇರಲಿಲ್ಲ.

ಹಾಗಾಗಿ ಮೊಮ್ಮಗನ ಮದುವೆಯಾದಾಗ, ಮನೆಯೊಳಗೇ ಒಬ್ಬಳು ಬಂದಳಲ್ಲ, ಇವಳಿಗಾದರೂ ಹಬ್ಬ ಹಬ್ಬಕ್ಕೆ ಉಡಿಸಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಹುಡುಗಿ ಕಾಗವಾಡದ ಕಡೆಯವಳು. ತವರಿನಲ್ಲಿ ದ್ರಾಕ್ಷಿ ತೋಟ, ಮನೆಯ ಮಾತು ಮರಾಠಿ. ಕನ್ನಡವೂ ಬರುತ್ತದೆ. ತನ್ನ ತಾಯಿಯನ್ನು ಆಯಿ ಎನ್ನುತ್ತಾಳೆ, ನನ್ನನ್ನು ಆಜಿ. ಮಾತು ಕಡಿಮೆ, ಕೆಲಸ ಹೆಚ್ಚು. ಮದುವೆ ವೈಶಾಖದಲ್ಲಿ ಆಯಿತು, ಪಂಚಮಿಗೂ ದಸರೆಗೂ ದೀಪಾವಳಿಗೂ ತವರಿಗೆ ಹೋಗಿದ್ದಳು. ನಮ್ಮ ಮನೆಯಲ್ಲಿ ಅವಳು ಮಾಡುವ ಮೊದಲ ದೊಡ್ಡ ಹಬ್ಬವೆಂದರೆ ಸಂಕ್ರಮಣ.

ಎಂಟು ದಿನ ಮುಂಚೆಯೇ ನನ್ನ ಹಸಿರು ಇಲಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದೆ. ಡಾಂಬರ್ ಗುಳಿಗೆಯ ವಾಸನೆ ಹೋಗಲಿ ಎಂದು ನೆರಳಿನಲ್ಲಿ ಹರವಿದೆ. ಖಣದ ಕುಪ್ಪಸಕ್ಕೆ ಅವಳ ಅಳತೆ ಹಿಡಿದು ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸಿದೆ. ಬೋರಮಾಳ, ಕಿವಿಯ ಬುಗುಡಿ, ನಡುವಿನ ಡಾಬು ಎಲ್ಲ ಅಂಟುವಾಳದ ನೀರಿನಲ್ಲಿ ತೊಳೆದಿಟ್ಟೆ. ಆದರೆ ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಕುಪ್ಪಸದ ಅಳತೆ ಹಿಡಿದಾಗಲೂ ಯಾಕೆ ಎಂದು ಹೇಳಲಿಲ್ಲ. ಅವಳಾಗಿಯೇ ಬಂದು, "ಆಜಿ, ಏನ ಉಡ್ಲಿ?" ಎಂದು ಕೇಳಲಿ ಎಂದು ಕಾಯ್ದೆ. ಕೇಳಲಿಲ್ಲ. ಭೋಗಿಯ ದಿನ ಸಜ್ಜೆ ರೊಟ್ಟಿ ಬಡಿಯುವಾಗಲೂ ಕೇಳಲಿಲ್ಲ. ಸಂಕ್ರಮಣದ ದಿನ ಎಳ್ಳು ಹಚ್ಚಿಕೊಂಡು ಎರೆದುಕೊಂಡ ಮೇಲೂ ಕೇಳಲಿಲ್ಲ.

ಇಲ್ಲಿ ಒಂದು ಮಾತು ಬರೆಯಬೇಕು. ನಾನು ನಿಪ್ಪಾಣಿಯ ಹತ್ತಿರ ಹುಟ್ಟಿದವಳು. ನಮ್ಮ ತವರಿನ ಎಡಗೋಡೆಗೂ ಬಲಗೋಡೆಗೂ ಹತ್ತಿದ ಮನೆಗಳು ಮರಾಠಿ ಮಾತಿನವು. ಆ ಜನರಲ್ಲಿ ಸಂಕ್ರಮಣದ ದಿನ ಕರಿ ಸೀರೆಯೇ ಉಡುವುದು. ಚಳಿಗಾಲದ ಹಬ್ಬ, ಕಪ್ಪು ಬಟ್ಟೆ ಬಿಸಿಲನ್ನು ಹಿಡಿದಿಡುತ್ತದೆ ಎಂದು ಹೇಳುತ್ತಿದ್ದರು. ಮದುವೆಯಾಗಿ ಬಂದ ಮೊದಲ ಸಂಕ್ರಮಣಕ್ಕಂತೂ ಸೊಸೆಗೆ ಕರಿ ಸೀರೆ ಉಡಿಸಿ, ಅದರ ಮೇಲೆ ಕುಸುರೆಳ್ಳಿನ ಒಡವೆ ಹಾಕುತ್ತಾರೆ. ಎಳ್ಳನ್ನು ಸಣ್ಣ ಉರಿಯ ಮೇಲೆ ಇಟ್ಟು, ಸಕ್ಕರೆ ಪಾಕ ಹನಿ ಹನಿ ಬಿಟ್ಟು, ಬರಿ ಬೆರಳಿನಿಂದ ಆಡಿಸುತ್ತ ಕೂತರೆ ಪ್ರತಿ ಕಾಳಿಗೂ ಬಿಳಿ ಮುಳ್ಳು ಏಳುತ್ತದೆ. ಅದನ್ನು ಪೋಣಿಸಿ ಸರ, ಬಳೆ, ಡಾಬು ಮಾಡುತ್ತಾರೆ. ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಕೂತು ನಾನೂ ಆಡಿಸಿದ್ದೇನೆ, ಬೆರಳು ಸುಟ್ಟುಕೊಂಡು ಬೈಸಿಕೊಂಡಿದ್ದೇನೆ. ಬಿಳಿ ಸಕ್ಕರೆ ಎದ್ದು ಕಾಣಬೇಕಾದರೆ ಕೆಳಗೆ ಕಪ್ಪೇ ಬೇಕು ಎನ್ನುವುದು ನನಗೆ ಏಳು ವರ್ಷದವಳಿದ್ದಾಗಲೇ ಗೊತ್ತಿತ್ತು. ಹುಡುಗಿ ಆ ಕಡೆಯವಳು ಎನ್ನುವುದೂ ಗೊತ್ತಿತ್ತು. ಆದರೂ ಅವಳ ಪದ್ಧತಿ ಏನು ಎಂದು ನಾನು ಕೇಳಲಿಲ್ಲ, ಅವಳು ನನ್ನನ್ನು ಕೇಳಲಿಲ್ಲ ಎಂದು ಸಿಟ್ಟು ಮಾಡಿಕೊಂಡು ಕೂತೆ.

ನಾಲ್ಕು ಗಂಟೆಗೆ ಓಣಿಯ ಹೆಂಗಸರು ಎಳ್ಳು ಕೊಡಲು ಬಂದರು. ಗಂಡಸರು ಯಾರೂ ಮನೆಯಲ್ಲಿ ಇರಲಿಲ್ಲ, ಕಬ್ಬು ಕಡಿಯುವ ಗ್ಯಾಂಗು ಅಂದೇ ನಮ್ಮ ಹೊಲಕ್ಕೆ ಬಂದಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿದ್ದೆವು. ಏಳು ಜನ ಕೂತರು.

ಪಕ್ಕದ ಮನೆಯವಳು ಬಾಯಿ ಬಿಟ್ಟಳು. "ಕಾಕು, ಇವತ್ತರ ಹೊಸಾ ಸೊಸೀನ ತೋರಸ್ತೀರೋ, ಪೆಟ್ಟಿಗ್ಯಾಗ ಇಟ್ಟ ಕೀಲಿ ಹಾಕೀರೋ?"

"ತಡೀವಾ," ಎಂದೆ ನಾನು. "ನಾ ಉಡಿಸಿ ಹೊರಗ ತರ್ತೀನಿ. ಆಮ್ಯಾಲ ಕಣ್ಣ ಹಾಕ."

"ನೀವ ಉಡಸ್ತೀರಂದ್ರ ಕತ್ತಲಾಗೂತನಾ ಕುಂದ್ರಬೇಕ ಬಿಡ್ರಿ. ನನ್ನ ಮದಿವ್ಯಾಗ ನಿಮ್ಮ ನಿರಿಗಿ ಮುಗಿಯೂದ್ರಾಗ ಭಟ್ರ ನಿದ್ದಿ ಹೊಡದಿದ್ರು."

ಎಲ್ಲರೂ ನಕ್ಕರು. ನಾನು ಹಸಿರು ಸೀರೆ ಎತ್ತಿಕೊಂಡು ಏಳಬೇಕು ಎನ್ನುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

ಚೆಂದ ಕಾಣುತ್ತಿದ್ದಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಆವತ್ತು ಬಾಯಿಂದ ಬರಲಿಲ್ಲ. ಕರಿ ಸೀರೆ, ಬೆರಳಗಲದ ಬಂಗಾರ ಬಣ್ಣದ ಅಂಚು. ಕೊರಳಿನಲ್ಲಿ ಕುಸುರೆಳ್ಳಿನ ಮೂರೆಳೆ ಸರ, ಎರಡೂ ಕೈಗೆ ಕುಸುರೆಳ್ಳಿನ ಬಳೆ, ತೋಳಿಗೆ ವಂಕಿ, ನಡುವಿಗೆ ಡಾಬು, ಬೈತಲೆಗೂ ಒಂದು ಎಳೆ. ಕರಿ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದ ಹಾಗೆ ಒಂದೊಂದು ಕಾಳೂ ಕಾಣುತ್ತಿತ್ತು. ನಡೆಯುವಾಗ ಸಣ್ಣಗೆ ಗರಗರ ಸದ್ದು. ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅವಳು ನೇರವಾಗಿ ನನ್ನ ಕಡೆಗೆ ಬಂದು, ಕಾಲಿಗೆ ಬೀಳಲು ಬಗ್ಗುತ್ತ, "ಆಜಿ, ಇದು ನೀವು..." ಎಂದು ಏನೋ ಹೇಳಲು ಹೊರಟಳು.

ನಾನು ಪೂರ್ತಿ ಮಾಡಗೊಡಲಿಲ್ಲ.

"ಏನವಾ ಇದು, ಹಬ್ಬದ ದಿವಸ ಕರೀ ಸೀರಿ ಉಟಗೊಂಡ ಬಂದಿ? ನಮ್ಮ ಮನ್ಯಾಗ ಯಾರರ ಸತ್ತಾರೇನ?"

ಅವಳು ಬಗ್ಗಿದಲ್ಲೇ ನಿಂತಳು. ಪಕ್ಕದ ಮನೆಯವಳೇ ಮೆಲ್ಲಗೆ, "ಕಾಕು, ಅವರ ಕಡೆ ಹಂಗ ಉಡತಾರಂತ್ರಿ" ಎಂದಳು.

"ಅವರ ಕಡೆ ಉಡ್ಲಿ. ಇದು ಅವರ ಕಡೆ ಅಲ್ಲ. ನಮ್ಮಲ್ಲಿ ಹಿಂಗ ನಡ್ಯಾಂಗಿಲ್ಲ. ಒಳಗ ನಡಿ."

ಹುಡುಗಿ ತನ್ನ ಅತ್ತೆಯ ಮುಖ ನೋಡಿದಳು. ಅವಳ ಅತ್ತೆ ಎಂದರೆ ನನ್ನ ಸೊಸೆ. ನನ್ನ ಸೊಸೆ ಎಳ್ಳಿನ ತಾಟು ನೋಡಿದಳು. ಹುಡುಗಿ ಒಳಗೆ ಹೋದಳು, ಹಸಿರು ಸೀರೆ ಹಿಡಿದು ನಾನೂ ಹಿಂದೆ ಹೋಗಿ ಬಾಗಿಲು ಹಾಕಿದೆ.

ಕುಸುರೆಳ್ಳಿನ ಒಡವೆ ಹಾಕುವುದು ಎಷ್ಟು ಕಷ್ಟವೋ ತೆಗೆಯುವುದು ಅದಕ್ಕಿಂತ ಕಷ್ಟ. ಬಳೆಗಳನ್ನು ಕೈ ಮೇಲೆಯೇ ಕಟ್ಟಿ ಗಂಟು ಹಾಕಿರುತ್ತಾರೆ. ಗಂಟು ಬಿಚ್ಚುವ ತಾಳ್ಮೆ ನನಗೆ ಇರಲಿಲ್ಲ, ಹೊರಗೆ ಏಳು ಜನ ಕೂತಿದ್ದರು. ಕತ್ತರಿ ತೆಗೆದುಕೊಂಡು ಕತ್ತರಿಸಿದೆ. ಸರವನ್ನು ತಲೆಯ ಮೇಲಿಂದ ಎಳೆದೆ, ತುರುಬಿಗೆ ಸಿಕ್ಕು ಹರಿಯಿತು, ಕಾಳು ಕೋಣೆಯ ತುಂಬ ಚೆಲ್ಲಿದವು. ಸಕ್ಕರೆ ಕರಗಿ ಕೆಲವು ಅವಳ ಮೈಗೆ ಅಂಟಿದ್ದವು, ಅವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅವಳು ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು, ದವಾಖಾನೆಯಲ್ಲಿ ನಿಂತ ಹಾಗೆ. ಅಳಲಿಲ್ಲ. ಅತ್ತಿದ್ದರೆ ನಾನು ನಿಲ್ಲಿಸುತ್ತಿದ್ದೆನೇನೋ. ಗೊತ್ತಿಲ್ಲ.

ಸೀರೆ ಬಿಚ್ಚುವಾಗ ನಿರಿಗೆ ನನ್ನ ಕೈಗೆ ಬಂತು. ಒಂದರ ಮೇಲೆ ಒಂದು, ಅಂಚಿಗೆ ಅಂಚು ಕೂಡಿ, ಎಣ್ಣೆ ಸವರಿದ ಹಾಗೆ ಕೂತಿದ್ದವು. ಒಂದೂ ಪಿನ್ನು ಇರಲಿಲ್ಲ. ಇಷ್ಟು ವರ್ಷ ನಾನು ಹುಡುಗಿಯರಿಗೆ ಹೇಳಿ ಹೇಳಿ ಸೋತ ಕೆಲಸವನ್ನು ಈ ಹುಡುಗಿ ಯಾರಿಂದಲೋ ಕಲಿತು ಬಂದಿದ್ದಳು. ಒಂದು ಕ್ಷಣ ಹಿಡಿದುಕೊಂಡು ನಿಂತೆ. ಆಮೇಲೆ ಎಳೆದು ಬಿಚ್ಚಿದೆ.

ಹಸಿರು ಸೀರೆ ಉಡಿಸಿ, ಬಂಗಾರ ಹಾಕಿ ಹೊರಗೆ ತಂದೆ. ಹೆಂಗಸರು ಚೆಂದ ಎಂದರು. ಅನ್ನಲೇಬೇಕಾಗಿತ್ತು, ಅಂದರು.

ಐದೂವರೆಗೆ ಹುಡುಗಿಯ ತಾಯಿ ಬಂದಳು. ಮಗಳ ಮೊದಲ ಸಂಕ್ರಮಣ ನೋಡಲು ತೋಟದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳು ಬರುವ ಸುದ್ದಿ ನನ್ನ ಸೊಸೆಗೆ ಗೊತ್ತಿತ್ತು, ನನಗೆ ಇರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಮಗಳನ್ನು ಹುಡುಕಿದಳು. ಹಸಿರು ಸೀರೆ ಕಂಡಿತು. ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಮಗಳ ಕೊರಳಿನಿಂದ ಕೈಗೆ, ಕೈಯಿಂದ ನಡುವಿಗೆ ಹೋಯಿತು.

"ಛಂದ ಕಾಣಸಾಕತ್ತಾಳ," ಎಂದಳು. ಆಮೇಲೆ ಮಗಳಿಗೆ ಮೆಲ್ಲಗೆ, ಮರಾಠಿಯಲ್ಲಿ, "ಕರೀದು ಬ್ಯಾಡ ಅಂದ್ರೇನ?"

"ಇಲ್ಲ ಆಯಿ, ನಾನ ಬದಲಿಸಿನಿ. ಶಕಿ ಆಗಾಕತ್ತಿತ್ತು," ಎಂದಳು ಹುಡುಗಿ.

ಪುಷ್ಯ ಮಾಸ. ಓಣಿಯವರೆಲ್ಲ ಶಾಲು ಹೊದ್ದು ಕೂತಿದ್ದರು. ಶೆಕೆಯಂತೆ.

ತಾಯಿ ಕೋಣೆಯೊಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ತಾಟು ಇತ್ತು. ನೆಲದ ಮೇಲೆ ಬಿದ್ದವನ್ನು ಬಿಟ್ಟು, ಹರಿದ ದಾರದಲ್ಲಿ ಉಳಿದಿದ್ದ ಕುಸುರೆಳ್ಳನ್ನೆಲ್ಲ ಬಿಡಿಸಿ ತಾಟಿಗೆ ಹಾಕಿಕೊಂಡು ಬಂದಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಚಿಟಿಕೆ ಕೊಡುತ್ತ ಬಂದಳು, ಎಳ್ಳು ಕೊಡಲೆಂದೇ ಮಾಡಿ ತಂದ ಹಾಗೆ. ನನ್ನ ಕೈಗೂ ಹಾಕಿದಳು. ಆಗ ನೋಡಿದೆ, ಅವಳ ಬಲಗೈಯ ಮೂರು ಬೆರಳ ತುದಿ ಸುಟ್ಟು ಚರ್ಮ ಎದ್ದಿತ್ತು. ಅಷ್ಟು ಒಡವೆಗೆ ಎಷ್ಟು ದಿನ ಒಲೆಯ ಮುಂದೆ ಕೂತಿರಬೇಕು ಎನ್ನುವುದು ನನಗೆ ಲೆಕ್ಕ ಹಾಕದೆಯೇ ತಿಳಿಯಿತು. ಬಾಯಿಗೆ ಹಾಕಿಕೊಂಡೆ. ಏನು ಮಾಡುವುದು, ಎಲ್ಲರೂ ನೋಡುತ್ತಿದ್ದರು.

ಬೀಗತಿಗೆ ಕುಂಕುಮ ಹಚ್ಚಿ, ಉಡಿ ತುಂಬಿದೆ. ಹೊರಡುವಾಗ ಆಕೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು. "ಆ ಸೀರಿ ನಾ ಒಯ್ತೀನ್ರಿ. ನಿಮ್ಮ ಮನ್ಯಾಗ ನಡ್ಯಾಂಗಿಲ್ಲ ಅಂದ್ರ ಇಲ್ಲಿ ಇಡೂದ ಬ್ಯಾಡ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಮಗಳು ಮಡಚಿದ ಸೀರೆಯನ್ನು ಚೀಲಕ್ಕೆ ಹಾಕಿಕೊಟ್ಟಳು, ತಾಯಿಯ ಜೊತೆ ಬಸ್ಸಿನ ತನಕ ಹೋದಳು.

ಅವರು ತಿರುವು ದಾಟಿದ ಮೇಲೆ ನನ್ನ ಸೊಸೆ ಬಾಯಿ ಬಿಟ್ಟಳು. ಚಾಪೆ ಸುತ್ತುತ್ತ, ನನ್ನ ಕಡೆ ನೋಡದೆ.

"ಅತ್ತೀರಿ, ಒಂದ ಮಾತ ಹೇಳೂದ ಉಳದೈತ್ರಿ."

"ಹೇಳ."

"ಅವರಲ್ಲಿ ಮೊದಲನೇ ಸಂಕ್ರಮಣಕ್ಕ ಕರೀ ಸೀರಿ, ಕುಸುರೆಳ್ಳಿನ ಒಡವಿ ಕೊಡೂದು ಗಂಡನ ಮನಿಯವರಂತ್ರಿ. ನಾವ ಕೊಡಬೇಕಾಗಿತ್ತು. ಬೀಗತಿ ಫೋನ ಮಾಡಿ ಕೇಳಿದ್ರು, ನಮ್ಮಲ್ಲಿ ಹಂಗ ಪದ್ಧತಿ ಇಲ್ಲರಿ ಅಂದೆ. ಇರ್ಲಿ ಬಿಡ್ರಿ, ನಾನ ಮಾಡಿ ಕಳಸ್ತೀನಿ, ಮಂದಿ ಮುಂದ ಮಾತ್ರ ಆಜಿ ಕೊಟ್ರು ಅಂತ ಹೇಳಲಿ ಅಂದ್ರು. ಹುಡುಗಿಗೂ ಹಂಗ ಹೇಳಿಕೊಟ್ಟಿದ್ರು."

"ನನಗ್ಯಾಕ ಹೇಳಲಿಲ್ಲ?"

"ನಿಮಗ ಸಿಟ್ಟ ಬರ್ತೈತಿ ಅಂತ್ರಿ."

ಹುಡುಗಿ ನನ್ನ ಕಾಲಿಗೆ ಬಗ್ಗುತ್ತ ಹೇಳಲು ಹೊರಟಿದ್ದು ಅದೇ. ಇದು ನೀವು ಕೊಟ್ಟದ್ದು ಎಂದು. ಏಳು ಜನರ ಮುಂದೆ ಆ ಸೀರೆ, ಆ ಒಡವೆ, ಎಲ್ಲವನ್ನೂ ನನ್ನ ಹೆಸರಿಗೆ ಹಚ್ಚಲು ಬಂದಿದ್ದಳು. ನಾನು ಸಾವಿನ ಮಾತು ಆಡಿದೆ. ಆಮೇಲೂ ಅವಳು ತಾಯಿಗೆ ಶೆಕೆ ಎಂದು ಹೇಳಿ ನನ್ನನ್ನು ಉಳಿಸಿದಳು. ತಾಯಿ ನಂಬದಿದ್ದರೂ ನಂಬಿದ ಹಾಗೆ ಇದ್ದು ಉಳಿಸಿದಳು.

ಇದಾಗಿ ಮೂರು ಸಂಕ್ರಮಣ ಕಳೆದವು. ಮೊದಲ ಸಂಕ್ರಮಣ ಒಂದೇ ಸಲ ಬರುತ್ತದೆ, ಅದನ್ನು ನಾನು ಕತ್ತರಿಯಿಂದ ಕತ್ತರಿಸಿ ಹಾಕಿದೆ. ಹುಡುಗಿ ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಕಾಲು ನೋವೆಂದರೆ ಎಣ್ಣೆ ತಿಕ್ಕುತ್ತಾಳೆ. ಆದರೆ ಅಂದಿನಿಂದ ಹಬ್ಬವಿರಲಿ, ಯಾರದೋ ಮದುವೆ ಇರಲಿ, ಸೀರೆ ಉಟ್ಟು ಹೊರಗೆ ಬರುವ ಮುಂಚೆ ಬಾಗಿಲಲ್ಲೇ ನಿಂತು, "ಆಜಿ, ಇದು ನಡೀತೈತ್ರಿ?" ಎಂದು ಕೇಳುತ್ತಾಳೆ. ತಪ್ಪದೆ ಕೇಳುತ್ತಾಳೆ. ಆವತ್ತು ನನಗೆ ಬೇಕಾಗಿದ್ದದ್ದು ಇದೊಂದೇ ಮಾತು. ಈಗ ಅದು ಕಿವಿಗೆ ಬಿದ್ದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಬೇಕು ಅನ್ನಿಸುತ್ತದೆ. "ನಡೀತೈತಿ, ಹೋಗ" ಎನ್ನುತ್ತೇನೆ. ಕೇಳಬೇಡ ಎಂದೂ ಹೇಳಿ ನೋಡಿದ್ದೇನೆ. "ಹೂಂ ರೀ" ಎನ್ನುತ್ತಾಳೆ, ಮತ್ತೆ ಕೇಳುತ್ತಾಳೆ.

ಆ ಸಂಕ್ರಮಣದ ಮರುದಿನ ಬೆಳಿಗ್ಗೆ ನಾನು ಎದ್ದು, ಮೈ ತೊಳೆದುಕೊಂಡು, ಚಹಾ ಕುಡಿಯದೆ ಓಣಿಗೆ ಇಳಿದೆ. ಏಳು ಜನರ ಮುಂದೆ ಆಡಿದ ಮಾತನ್ನು ಏಳು ಮನೆಗೆ ಹೋಗಿ ವಾಪಸು ತೆಗೆದುಕೊಳ್ಳಬೇಕು ಎಂದು ಹೊರಟಿದ್ದೆ. "ನಿನ್ನಿ ನಾ ಹೇಳಿದ್ದು ಸುಳ್ಳು. ಹುಡುಗಿ ಉಟ್ಟಿದ್ದು ಬರೋಬರಿ ಇತ್ತು. ಆ ಸೀರಿ ನಾವ ಕೊಡಬೇಕಾಗಿತ್ತು, ಕೊಡಲಿಲ್ಲ. ಅವರ ತಾಯಿ ಕೊಟ್ಟಾಳ." ಪ್ರತಿ ಬಾಗಿಲಲ್ಲೂ ಇಷ್ಟೇ. ಪಕ್ಕದ ಮನೆಯವಳು ಕಸಬರಿಗೆ ಹಿಡಿದವಳು ಹಾಗೇ ನಿಂತಳು. ಇನ್ನೊಬ್ಬಳು, "ಅಯ್ಯ ಕಾಕು, ನಾವ ಅದನ್ನ ಆಗಳೇ ಮರತೀವ್ರಿ" ಎಂದಳು. ಮರೆತಿರಲಿಲ್ಲ, ನಾನು ತಿರುಗುತ್ತಲೇ ಒಳಗೆ ಗುಸುಗುಸು ಕೇಳಿಸಿತು. ಕೊನೆಯ ಮನೆಯ ಮುದುಕಿ ನನ್ನ ವಾರಿಗೆಯವಳು. "ನಿಪ್ಪಾಣಿ ಕಡಿಂದ ಬಂದಾಕಿಗೆ ಗೊತ್ತಿರಲಾರದ ಇರತೈತೇನ? ನಿನ್ನಿಗೇ ಗೊತ್ತಾಗಿತ್ತ ನನಗ," ಎಂದಳು. "ಮತ್ತ ಬಾಯಿ ಮುಚಗೊಂಡ ಯಾಕ ಕುಂತಿದ್ದಿ?" ಎಂದೆ. "ನಿನ್ನ ಮುಂದ ಯಾರ ಬಾಯಿ ತಗೀಬೇಕು?" ಎಂದಳು. ಮನೆಗೆ ಹೋಗದೆ ನೇರವಾಗಿ ಬಸ್ಸಿನ ದಾರಿ ಹಿಡಿದೆ.

ಸಂಕ್ರಮಣದ ಮರುದಿನ ನಮ್ಮಲ್ಲಿ ಯಾರೂ ಊರು ಬಿಟ್ಟು ಹೊರಡುವುದಿಲ್ಲ, ಒಳ್ಳೆಯದಲ್ಲ ಎನ್ನುತ್ತಾರೆ. ಆದರೂ ನಾನು ಚಿಕ್ಕೋಡಿಗೆ ಬಂದು, ಅಲ್ಲಿಂದ ಕಾಗವಾಡದ ಕಡೆಯ ಬಸ್ಸು ಹಿಡಿದೆ. ಕೃಷ್ಣಾ ಹೊಳೆ ದಾಟುವವರೆಗೂ ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ಹುಡುಗಿಯ ತಾಯಿ ತನ್ನ ಮನೆಯ ಮುಂದೆ ದ್ರಾಕ್ಷಿಯ ಕ್ರೇಟು ತೊಳೆಯುತ್ತಿದ್ದಳು. ಅಂಗಳದಲ್ಲೇ ನಿಂತು, ಇಷ್ಟು ತಿಂಗಳು ಅವಳ ಜೊತೆ ಒಂದು ದಿನವೂ ಆಡದ ಮರಾಠಿಯಲ್ಲಿ, ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ ಎಂದು ಹೇಳಿದೆ. ನಿಮ್ಮಲ್ಲಿ ರಥಸಪ್ತಮಿಯ ತನಕ ಸಂಕ್ರಮಣದ ಎಳ್ಳು, ಕುಂಕುಮ ನಡೆಯುತ್ತದಲ್ಲ, ಇನ್ನೂ ದಿನ ಇದೆ, ಸೀರೆ ಕೊಡು, ನಾನೇ ಉಡಿಸುತ್ತೇನೆ ಎಂದೆ.

ಆಕೆ ಕೈ ಒರೆಸಿಕೊಂಡು ಕನ್ನಡದಲ್ಲೇ ಉತ್ತರ ಕೊಟ್ಟಳು. "ಅಕಿಗೆ ಉಟಗೊಳ್ಳಾಕ ಬರ್ತೈತ್ರಿ. ಸೀರಿ ಐತಿ, ಒಯ್ರಿ. ಒಡವಿ ಇನ್ನ ನನ್ನ ಕೈಲೆ ಆಗಾಂಗಿಲ್ಲ."

ಒಳಗೆ ಹೋಗಿ ನಿನ್ನೆಯ ಚೀಲವನ್ನೇ ತಂದು ಕೊಟ್ಟಳು. ಚಹಾಕ್ಕೆ ಕೂಡ್ರಿ ಎಂದಳು. ಕೂತು ಕುಡಿದೆ. ಆಮೇಲೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹನ್ನೊಂದರ ಬಸ್ಸಿಗೆ ಹತ್ತಿದೆ.